ಮುಟ್ಟದ ಹೂಂ

ಕಂಪ್ಯೂಟರು ಒಂದು ಹಂತ ತೆರೆ ಎಂದರೆ ಬಿಸಿಗಾಳಿಯ ಬಾಗಿಲು ಎರಡು ಹಂತ ತೆರೆಯುತ್ತಿತ್ತು. ಸಿರುಗುಪ್ಪದ ತಿಪ್ಪೇರುದ್ರಪ್ಪನ ರೈಸ್ ಮಿಲ್ಲಿನಲ್ಲಿ ಡ್ರೈಯರಿನ ಭತ್ತ ಅತಿಯಾಗಿ ಒಣಗಿ, ಅಕ್ಕಿಯೆಲ್ಲ ನುಚ್ಚಾಗುತ್ತಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಷೀನಿನ ಬೋರ್ಡು ರಿಪೇರಿ ಮಾಡುವ ಮಗಳು ಶೀಲಾಳನ್ನೇ ಕರೆಸಬೇಕಾಯಿತು. ಕರೆಸಿದ್ದು ತಾಯಿ. ಅಪ್ಪ ಮಗಳಿಗೆ ತಿಂಗಳಿಂದ ಮಾತಿಲ್ಲ.

ಕುರುಗೋಡಿನ ವಿಜಯಕುಮಾರನನ್ನು ಮದುವೆಯಾಗಲೇ ಎಂದು ಅವಳು ಇದೇ ಮಿಲ್ಲಿನಲ್ಲಿ ನಿಂತು ಕೇಳಿದ್ದಳು. ಹುಡುಗ ಬೇರೆ ಜಾತಿ. ಅಪ್ಪನಿಂದ ಉತ್ತರ ಬರಲಿಲ್ಲ. ಹಟದಲ್ಲಿ ಮಗಳೂ ಅಪ್ಪನದೇ ಅಚ್ಚು. ಎರಡನೇ ಸಲ ಕೇಳಲಿಲ್ಲ. ಅಪ್ಪ ಒಪ್ಪದ ಹೊರತು ತಾಳಿ ಕಟ್ಟಿಸಿಕೊಳ್ಳುವುದಿಲ್ಲ ಎಂಬುದೂ ಅವಳದೇ ಹಟ. ಪಾಪ, ವಿಜಯಕುಮಾರ ಕಾಯುತ್ತಿದ್ದ.

ಶೀಲಾ ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತು, ಅಲ್ಲಿಂದ ಡ್ರೈಯರಿನ ಬೋರ್ಡಿಗೆ ಹೋಗುವ ವೈರು ಪರೀಕ್ಷಿಸಿದಳು. ಹಿಂದೆ ಕೈಕಟ್ಟಿ ನಿಂತಿದ್ದ ಅಪ್ಪ ಕೊನೆಗೂ ಬಾಯಿಬಿಟ್ಟ.

"ಇದಕ್ಕ ಕಿವಿ ಕೇಳಂಗಿಲ್ಲೇನು?"

"ಕೇಳ್ತೈತಿ. ಕೇಳಿ ಹೂಂ ಅಂತೈತಿ. ಆ ಹೂಂ ಇಲ್ಲಿಗೆ ಮುಟ್ಟವಲ್ದು."

ಉಳಿದದ್ದನ್ನು ಅವಳು ಪರದೆ ನೋಡುತ್ತಲೇ ಹೇಳಿದಳು. ಕಂಪ್ಯೂಟರು ಕಳಿಸುವ ಒಂದೊಂದು ಮಾತಿನ ಬೆನ್ನಿಗೂ, ಅದು ಕೆಡದೆ ಮುಟ್ಟಿತೇ ಎಂದು ನೋಡಲು ಒಂದು ಲೆಕ್ಕ ಹೋಗುತ್ತದೆ. ತಾಳೆಯಾದರೆ ಬೋರ್ಡು ಹೂಂ ಎನ್ನಬೇಕು, ಮಾತು ಕೆಟ್ಟಿದ್ದರೆ ಊಹೂಂ. ಎರಡೂ ಬಾರದಿದ್ದರೆ ಕಂಪ್ಯೂಟರು ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತದೆ. ಮೋಟರಿನ ಗದ್ದಲ ವೈರಿಗೆ ನುಗ್ಗಿ ಹೂಂ ದಾರಿಯಲ್ಲೇ ಕೆಡುತ್ತಿತ್ತು. ಎರಡನೇ ಸಲ ಬಂದದ್ದನ್ನು ಬೋರ್ಡು ಹೊಸ ಅಪ್ಪಣೆ ಎಂದುಕೊಂಡು ಮತ್ತೆ ಬಾಗಿಲು ತೆರೆಯುತ್ತಿತ್ತು. ಶೀಲಾ ಒಂದೊಂದು ಅಪ್ಪಣೆಗೂ ನಂಬರು ಕೊಟ್ಟಳು. ಅದೇ ನಂಬರು ಮತ್ತೆ ಬಂದರೆ ಬೋರ್ಡು ಬಾಗಿಲು ಮುಟ್ಟಬಾರದು, ಹೂಂ ಮಾತ್ರ ಇನ್ನೊಮ್ಮೆ ಅನ್ನಬೇಕು. ಈ ಸಲ ಬಾಗಿಲು ಒಂದೇ ಹಂತ ತೆರೆದು ನಿಂತಿತು.

ತಿಪ್ಪೇರುದ್ರಪ್ಪ ಆಫೀಸಿನ ಕಿಟಕಿಯಿಂದ ಆ ಬಾಗಿಲನ್ನು ನೋಡಿದ. ಆಮೇಲೆ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, ಮಗಳ ಕಡೆ ನೋಡದೆ ಹೇಳಿದ:

"ಅವತ್ತು ನಾನೂ ಹೂಂ ಅಂದಿದ್ನವ್ವ. ಈ ಮೋಟರ್ ಗದ್ಲದಾಗ ನಿನಗ ಕೇಳಿಸಿಲ್ಲ."

ಶೀಲಾ ಅಪ್ಪನನ್ನು ಕೇಳಿದ್ದು ಅಮಾವಾಸ್ಯೆಯ ದಿನ. ಮಿಲ್ಲಿಗೆ ರಜೆ, ಮೋಟರು ನಿಂತಿತ್ತು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸಿತ್ತು.

"ಹೂಂ," ಅಂದಳು, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ.