ಬಂಗಾರದಂಗಡಿಯ ಎಳೆ

ಗದಗಿನ ಪೇಟೆಯಲ್ಲಿ ಯಾವ ಎರಡು ಅಂಗಡಿಗಳ ಧಾರಣೆ ಜೊತೆಜೊತೆಗೆ ಏರಿಳಿಯುತ್ತಿತ್ತೋ ಅವುಗಳ ನಡುವೆ ಗಾಳಿಯಲ್ಲೊಂದು ಎಳೆ ಮೂಡುತ್ತಿತ್ತು. ಎಳೆಗಳಿಗೆ ತಾಗದಂತೆ ತಲೆ ಬಗ್ಗಿಸಿ ಓಡಾಡುವುದು ಜನಕ್ಕೆ ಎಂದೋ ರೂಢಿಯಾಗಿತ್ತು. ಬಳೆ ಮಾರುವ ಶಾವಂತ್ರೆವ್ವನ ಗೂಡಂಗಡಿಯಿಂದ ಮೌನೇಶಪ್ಪ ಪತ್ತಾರರ ಬಂಗಾರದಂಗಡಿಗೂ ಒಂದು ಎಳೆಯಿತ್ತು. "ನಾವು, ಅವರು ಒಂದ" ಎಂದು ಆಕೆ ಗಿರಾಕಿಗಳಿಗೆಲ್ಲ ತೋರಿಸಿ ಮೆರೆಯುತ್ತಿದ್ದಳು.

ಒಂದು ದಿನ, ಅಂಗಡಿಗಳ ನಡುವೆ ನಿಜದ ನಂಟಿಲ್ಲದೆ ಮೂಡಿದ ಹುಸಿ ಎಳೆಗಳನ್ನು ಕತ್ತರಿಸಲು ಬಂದ ಹೊಸ ತಪಾಸಣೆಗಾರ್ತಿ ಆಕೆಯ ಮಗಳೇ, ಅನಸೂಯಾ. ಕೆಲಸದ ಮೊದಲ ದಿನ. ಪೇಟೆಯೆಲ್ಲ ನೋಡುತ್ತಿತ್ತು.

ಅನಸೂಯಾ ಎಳೆಯನ್ನು ಬೆರಳಿಂದ ಮಿಡಿದು ಕಿವಿಗೊಟ್ಟಳು. "ಅವ್ವಾ, ಇದು ಸುಳ್ಳ ಎಳಿ. ಲಗ್ನ ಬಂದ್ರ ಬಳಿನೂ ಏರ್ತಾವ, ಬಂಗಾರನೂ ಏರ್ತೈತಿ. ನಿಮ್ಮಿಬ್ಬರ ಖರೇ ಎಳಿ ಕಲ್ಯಾಣ ಮಂಟಪಕ್ಕ ಹೋಗ್ಯಾವ."

"ಇದೊಂದು ಇರ್ಲಿ ಬಿಡ, ಯವ್ವಾ," ಎಂದಳು ಶಾವಂತ್ರೆವ್ವ ಮೆಲ್ಲಗೆ.

ಮಗಳು ಒಂದು ಗಳಿಗೆ ತಾಯಿಯ ಮುಖ ನೋಡಿದಳು. ಕತ್ತರಿ ಕಚಕ್ಕೆಂದಿತು.

"ಏನ್ ಶಾವಂತ್ರೆವ್ವ, ನಮ್ಮ ಬೀಗತನ ಮುರೀತಲ್ಲ!" ಪತ್ತಾರರು ನಕ್ಕರು.

ಶಾವಂತ್ರೆವ್ವನ ಮುಖ ಕಪ್ಪಿಟ್ಟಿತು. ಆಮೇಲೆ ಸೆರಗು ಸಿಗಿಸಿಕೊಂಡು ಎದ್ದು ನಿಂತಳು. "ಹೋದ್ರ ಹೋಗ್ಲಿ ಬಿಡ್ರಿ. ಆಕಿ ಕೈ ನೋಡಿದ್ರೇನು? ಹಡೆದವ್ವ ಬೇಡಿಕೊಂಡ್ರೂ ನಡುಗಲಿಲ್ಲ!"

ಈಗ ಆಕೆ ಗಿರಾಕಿಗಳಿಗೆ ಖಾಲಿ ಗಾಳಿಯನ್ನೇ ತೋರಿಸುತ್ತಾಳೆ: "ಇಲ್ಲೊಂದು ಎಳಿ ಇತ್ರೀ. ಕತ್ತರಿಸಿದಾಕಿ ನನ್ನ ಮಗಳು."