ಎರಡು ಸಾಲಿನ ಧನ್ಯವಾದ

ಬೆಳಗ್ಗೆ ಒಂಬತ್ತೂಕಾಲಿಗೆ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ರಕ್ತ ಶುದ್ಧಿಯ ಫಿಲ್ಟರುಗಳ ಎರಡು ಪೆಟ್ಟಿಗೆ ಬಂದವು. ಪೆಟ್ಟಿಗೆಗಳ ಮೇಲೆ ದೊಡ್ಡ ದೇಶದ ಬಾವುಟ, ಅದರ ಕೆಳಗೆ ‘ನಮ್ಮ ಜನತೆಯ ಕೊಡುಗೆ’ ಎಂಬ ಅಚ್ಚು. ಹಿಂದೆಯೇ ಆ ದೇಶದ ನೆರವು ಸಂಸ್ಥೆಯ ಅಧಿಕಾರಿಣಿ, ಅವಳ ಹಿಂದೆ ಕ್ಯಾಮೆರಾದವನು.

ಎರಡು ತಿಂಗಳಿಂದ ಹೊಸ ಫಿಲ್ಟರ್ ಬಂದಿರಲಿಲ್ಲ. ತಾನು ಈ ದೇಶದ ಮೇಲೆ ಹೇರಿದ ವ್ಯಾಪಾರ ನಿರ್ಬಂಧ ಔಷಧಿಗೆ ಅನ್ವಯಿಸುವುದಿಲ್ಲ ಎಂದು ದೊಡ್ಡ ದೇಶ ಹೇಳುತ್ತಿತ್ತು; ಅದು ನಿಜ. ಆದರೆ ಆ ದೇಶಕ್ಕೆ ಹೆದರಿ ಯಾವ ಬ್ಯಾಂಕೂ ಫಿಲ್ಟರ್ ಮಾರುವವರಿಗೆ ಹಣ ದಾಟಿಸುತ್ತಿರಲಿಲ್ಲ, ಅದೂ ನಿಜ. ಐದಾರು ಸಲ ಬಳಸಿ ಬಿಸಾಡಬೇಕಾದ ಫಿಲ್ಟರನ್ನು ಅದೇ ರೋಗಿಗೆ ತೊಳೆತೊಳೆದು ಹಾಕುತ್ತಿದ್ದರು. ವಾರಕ್ಕೆ ಮೂರು ಸರದಿ ಇದ್ದದ್ದು ಎರಡಾಗಿತ್ತು. ಬಾಗಿಲ ಪಕ್ಕದ ಕುರ್ಚಿಯ ಟೀಚರಮ್ಮ ಹೋದ ವಾರ ತೀರಿಕೊಂಡಿದ್ದರು.

ಕಿಟಕಿ ಪಕ್ಕದ ಎರಡು ಕುರ್ಚಿಗಳಲ್ಲಿ ಮಾತ್ರ ವಾದ ನಿಂತಿರಲಿಲ್ಲ. ಒಂದರಲ್ಲಿ ಕ್ಷೌರದಂಗಡಿಯವನು. ದೊಡ್ಡ ದೇಶ ಏನು ಮಾಡಿದರೂ ಸಮರ್ಥಿಸುವ ಅವನಿಗೆ ನರ್ಸ್ ಇಟ್ಟ ಹೆಸರು ರಾಯಭಾರಿ. ಇನ್ನೊಂದರಲ್ಲಿ ನಿವೃತ್ತ ಅಂಚೆ ಗುಮಾಸ್ತ. ಅವನು ವಿರೋಧ ಪಕ್ಷ. ಸೂಜಿ ಚುಚ್ಚಿದ ಕೈ ಅಲುಗಿದರೆ ಯಂತ್ರ ಕೂಗಿಕೊಳ್ಳುತ್ತದೆ. ಯಾರ ಯಂತ್ರ ಮೊದಲು ಕೂಗುತ್ತದೋ ಅವರು ವಾದದಲ್ಲಿ ಸೋತಂತೆ. ನಾಲ್ಕು ವರ್ಷದಿಂದ ಇಬ್ಬರೂ ಒಪ್ಪಿಕೊಂಡಿದ್ದ ಏಕೈಕ ವಿಷಯ ಇದು.

“ನೋಡಿದ್ಯಾ?” ರಾಯಭಾರಿ ಪೆಟ್ಟಿಗೆಗಳ ಕಡೆ ಗಲ್ಲ ಎತ್ತಿದ. “ಊರಿಗೊಬ್ಬ ಯಜಮಾನ ಅಂತ ಇರಬೇಕು. ಬೈತಾನೆ, ಹೊಡೀತಾನೆ, ಕೊನೆಗೆ ಕಷ್ಟಕ್ಕೂ ಅವನೇ ಆಗೋದು.”

“ಮಗುನ ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ,” ಎಂದ ಗುಮಾಸ್ತ.

“ತೂಗೋಕಾದ್ರೂ ಒಬ್ಬ ಇದಾನಲ್ಲ. ಮಿಕ್ಕ ದೇಶದವರು ಏನು ಕಳಿಸಿದ್ರು? ಕಳವಳ ವ್ಯಕ್ತಪಡಿಸಿದ್ರು.”

“ಹೋಗಿ ಟೀಚರಮ್ಮನಿಗೆ ಹೇಳು ಇದನ್ನ.” ಗುಮಾಸ್ತನ ಕೈ ಅಲುಗಿತು. ಯಂತ್ರ ಕೂಗಿತು.

“ಸೋತೆ,” ಎಂದ ರಾಯಭಾರಿ. ಆದರೆ ನಗಲಿಲ್ಲ. ಗುಮಾಸ್ತನ ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಅವನು ಹತ್ತು ದಿನದಿಂದ ಕೂತೇ ನಿದ್ದೆ ಮಾಡುತ್ತಿದ್ದ.

ನರ್ಸ್ ಬಂದು ಯಂತ್ರದ ಬಾಯಿ ಮುಚ್ಚಿಸಿದಳು. “ಯಜಮಾನ್ರೇ, ಇಬ್ರೂ ಸ್ವಲ್ಪ ಸುಮ್ನಿರಿ. ಪ್ರಪಂಚನ ಆಮೇಲೆ ಉದ್ಧಾರ ಮಾಡೋರಂತೆ.”

ಅಧಿಕಾರಿಣಿಗೆ ಒಬ್ಬ ರೋಗಿ ಬೇಕಾಗಿತ್ತು. ಎರಡು ಸಾಲು ಧನ್ಯವಾದ, ಕ್ಯಾಮೆರಾ ನೋಡಿಕೊಂಡು. ನರ್ಸ್ ರಾಯಭಾರಿಯನ್ನು ತೋರಿಸಿದಳು. “ಇವರನ್ನ ಕೇಳಿ ಮೇಡಂ, ದಿನಾ ಬಿಟ್ಟಿಯಾಗಿ ಹೊಗಳ್ತಾರೆ.” ರಾಯಭಾರಿ ಬಿಡುವಾಗಿದ್ದ ಕೈಯಿಂದ ಆಗಲೇ ತಲೆಗೂದಲು ಸರಿಮಾಡಿಕೊಂಡಿದ್ದ. ಕ್ಯಾಮೆರಾದವನು ಅವನನ್ನೊಮ್ಮೆ ನೋಡಿ ಬೇಡವೆಂದು ತಲೆಯಾಡಿಸಿದ. “ಇವರು ರೋಗಿ ಥರ ಕಾಣಲ್ಲ. ಪಕ್ಕದವರು ಸರಿಹೋಗ್ತಾರೆ.”

“ಬಲವಂತ ಏನಿಲ್ಲ ಸರ್,” ಅಧಿಕಾರಿಣಿ ಗುಮಾಸ್ತನ ಮುಂದೆ ಬಗ್ಗಿದಳು. “ನಿಮಗೆ ಇಷ್ಟ ಇದ್ರೆ ಮಾತ್ರ.”

ಗುಮಾಸ್ತ ನರ್ಸ್ ಮುಖ ನೋಡಿದ. “ಇಲ್ಲ ಅಂದ್ರೆ?”

ನರ್ಸ್ ದನಿ ತಗ್ಗಿಸಿದಳು. “ವಿಡಿಯೊ ಆದ್ಮೇಲೇ ಪೆಟ್ಟಿಗೆ ಇಲ್ಲಿ ಬಿಟ್ಟು ಹೋಗೋದಂತೆ. ಇನ್ನೂ ಎರಡು ಆಸ್ಪತ್ರೆಯವರು ಕಾಯ್ತಿದಾರಂತೆ.”

ಏನು ಹೇಳಬೇಕೆಂದು ಅವನೇ ಕೇಳಿದ. ಅಧಿಕಾರಿಣಿ ಹೇಳಿಕೊಟ್ಟಳು. ಗುಮಾಸ್ತ ಎಲ್ಲೂ ತಡವರಿಸಲಿಲ್ಲ. “ನನ್ನ ಚಿಕಿತ್ಸೆ ನಿಂತಿಲ್ಲ. ಕಷ್ಟದಲ್ಲಿ ಕೈಹಿಡಿದ ಆ ದೇಶದ ಜನರಿಗೆ ಧನ್ಯವಾದ.”

“ಇನ್ನೊಂದು ಸಲ,” ಎಂದ ಕ್ಯಾಮೆರಾದವನು. “ಸ್ವಲ್ಪ ನಕ್ಕೊಂಡು.”

ಗುಮಾಸ್ತ ನಗುತ್ತಲೇ ಹೇಳಿದ. ಕೈ ಅಲುಗಲಿಲ್ಲ.

ಅವರೆಲ್ಲ ಹೋದ ಮೇಲೆ ನರ್ಸ್ ಪೆಟ್ಟಿಗೆಗಳನ್ನು ಒಳಕೋಣೆಗೆ ಎಳೆದುಕೊಂಡು ಹೋದಳು.

“ಹೇಳೇಬಿಟ್ಟೆಯಲ್ಲೋ,” ಎಂದ ರಾಯಭಾರಿ.

“ನಿನಗೆ ಖುಷಿ ಆಗ್ಬೇಕಿತ್ತಲ್ಲ. ನನ್ನ ಬಾಯಲ್ಲಿ ಅದನ್ನ ಹೇಳಿಸೋಕೆ ಇಷ್ಟು ವರ್ಷ ಒದ್ದಾಡಿದ್ದೀಯ.”

“ನೀನು ಬೈತೀಯ ಅಂತ ತಾನೇ ನಾನು ಹೊಗಳ್ತಿದ್ದದ್ದು? ಇಬ್ರೂ ಕೂತು ಬೈದ್ರೆ ನಾಲ್ಕು ಗಂಟೆ ಹೊತ್ತು ಹೋಗುತ್ತಾ?”

ಗುಮಾಸ್ತ ತಲೆ ತಿರುಗಿಸಿದ. “ಹಾಗಾದ್ರೆ ನಿಜವಾಗಿ ನಿನಗೆ ಏನನ್ಸುತ್ತೆ?”

ರಾಯಭಾರಿ ತನ್ನ ತೋಳಿನಿಂದ ಹೊರಟ ಕೆಂಪು ಕೊಳವೆಯನ್ನೇ ನೋಡುತ್ತಿದ್ದ. “ಎರಡು ತಿಂಗಳಿಂದ ತೊಳೆದ ಫಿಲ್ಟರಲ್ಲಿ ನನ್ನ ರಕ್ತ ಓಡ್ತಾ ಇದೆ. ಏನನ್ಸುತ್ತೆ ಅಂತ ಬೇರೆ ಕೇಳ್ತೀಯ.”

ಎರಡು ಪೆಟ್ಟಿಗೆಯ ಫಿಲ್ಟರ್ ಆ ಕೋಣೆಯಲ್ಲಿ ಮೂರು ವಾರಕ್ಕೆ ಮುಗಿಯಿತು. ನಾಲ್ಕನೇ ವಾರ ದೊಡ್ಡ ದೇಶದ ಸಂಸತ್ತಿನಲ್ಲಿ ನಿರ್ಬಂಧದ ಬಗ್ಗೆ ಚರ್ಚೆ ನಡೆಯಿತು. ‘ನಮ್ಮ ನೀತಿಯಿಂದ ಅಲ್ಲಿ ರೋಗಿಗಳು ಸಾಯುತ್ತಿದ್ದಾರೆ’ ಎಂದು ಒಬ್ಬ ಸದಸ್ಯೆ ಆಕ್ಷೇಪ ಎತ್ತಿದರು. ಸಚಿವರು ಉತ್ತರವಾಗಿ ಒಂದು ಚಿಕ್ಕ ವಿಡಿಯೊ ತೋರಿಸಿದರು. ಅದರಲ್ಲಿ ಗುಮಾಸ್ತ ನಗುತ್ತಿದ್ದ. ನಿರ್ಬಂಧವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲಾಯಿತು.