ನಾಲ್ಕನೇ ಜ್ವರದ ಮಂತ್ರ

ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತು ಪೊರೆ ಬಿಡುವ ನಿದ್ದೆಯಲ್ಲಿದ್ದವು. ಮಧ್ಯಾಹ್ನದೊಳಗೆ ಮಂತ್ರ ಹಾಡಿ ಎಬ್ಬಿಸದಿದ್ದರೆ ತಟ್ಟೆಯಲ್ಲೇ ಸಾಯುತ್ತವೆ. ಪ್ರತಿ ಮನೆಯ ಹುಳುವಿಗೂ ಆ ಮನೆಯದೇ ಮಂತ್ರ, ಅದೂ ಬಾಯಿಂದಲೇ ಆಗಬೇಕು. ರೆಕಾರ್ಡಿಂಗ್‌ಗೆ ಅವು ತಲೆ ಎತ್ತುವುದಿಲ್ಲ. ಈ ಮನೆಯಲ್ಲಿ ಹಾಡುತ್ತಿದ್ದ ಪಿಳ್ಳಮ್ಮನಿಗೆ ಗಂಟಲಿನ ಆಪರೇಷನ್ ಆದಮೇಲೆ ದನಿಯಿಲ್ಲ. ಸೊಸೆ ನಳಿನಿಗೆ ಅವರು ಕಲಿಸಿರಲಿಲ್ಲ.

ನೋಡಿಕೊಂಡು ಹಾಡಲೆಂದು ನಳಿನಿ ಕಂಪ್ಯೂಟರಿಗೆ ಮಂತ್ರದ ಸ್ವರಲಿಪಿ ಜೋಡಿಸಿ ಪ್ರಿಂಟ್ ಮಾಡುವ ತಂತ್ರಾಂಶ ಹಾಕುತ್ತಿದ್ದಳು. ಯಾವ ಪಠಣ ಎಂದು ಅದು ಕೇಳಿತು: ವೇದ, ಚರ್ಚು, ಬಸದಿ, ರೇಷ್ಮೆ. ಕೊನೆಯದನ್ನು ಒತ್ತಿದಳು. ಪರದೆ ತುಂಬ ಖಾಲಿ ಚೌಕಗಳು ಬಂದವು.

“ಹೋಯ್ತು ಬೆಳೆ,” ಎಂದ ಗಂಡ ಚಂದ್ರಪ್ಪ.

“ಫಾಂಟ್ ಇಲ್ಲ, ಅಷ್ಟೇ. ನಿಂತ್ಕೊಂಡು ಶಾಪ ಹಾಕೋ ಬದ್ಲು ಸೊಪ್ಪು ಕೊಯ್ಕೊಂಡ್ ಬನ್ನಿ.”

ಫಾಂಟ್ ಹಾಕಿದ ಮೇಲೆ, ಅತ್ತೆ ಗಾಳಿಯಲ್ಲಿ ಬೆರಳು ಏರಿಸಿ ಇಳಿಸಿ ತೋರಿಸಿದಂತೆ ಸ್ವರದ ಚಿಹ್ನೆಗಳನ್ನು ಕೂರಿಸಿದಳು. ಕೊನೆಯ ಸಾಲಿಗೆ ಬಂದಾಗ ಪಿಳ್ಳಮ್ಮ ಕೈಕಟ್ಟಿ ಕುಳಿತರು.

“ಅತ್ತೆ, ಪ್ರಿಂಟಾದ್ರೆ ಯಾರ್ ಬೇಕಾದ್ರೂ ಹಾಡ್ಬೋದು, ನಿಜ. ಆಗದಿದ್ರೆ ಹುಳ ಸಾಯ್ತವೆ. ಯಾವ್ದು ಬೇಕು ನಿಮ್ಗೆ?”

ಪಿಳ್ಳಮ್ಮ ಹುಳುಮನೆಯ ಕಡೆ ನೋಡಿದರು. ಆಮೇಲೆ ಬೆರಳೆತ್ತಿದರು.

ನಳಿನಿ ಪ್ರಿಂಟಾದ ಹಾಳೆ ಹಿಡಿದು ಹುಳುಮನೆಯಲ್ಲಿ ಹಾಡಿದಳು. ಅತ್ತೆ ಮುಖ ಕಿವಿಚಿದರು. ತಟ್ಟೆಯಲ್ಲಿ ಒಂದೊಂದೇ ತಲೆ ಎದ್ದಿತು.

“ಅಪಸ್ವರ ಅಂತೀರಾ? ಹುಳಾನ ಕೇಳಿ.”

ಪಿಳ್ಳಮ್ಮ ಆಗಲೇ ಮುಂದಿನ ತಟ್ಟೆಯ ಹತ್ತಿರ ನಿಂತು, ಬೇಗ ಬಾ ಎಂದು ಕೈ ಬೀಸುತ್ತಿದ್ದರು.